ಸೆಂಟರ್ ಆಟಗಾರ ರಿಂಗ್ ಬಿಟ್ಟು ಹೊರಗೆ ಬಂದರೆ

1997ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡ ಸ್ಯಾನ್ ಆಂಟೋನಿಯೋ ಸ್ಪರ್ಸ್‌ಗೆ ಟಿಮ್ ಡಂಕನ್ ಸಿಕ್ಕರು. ಎತ್ತರ 6 ಅಡಿ 11 ಇಂಚು, ಕಾಲೇಜಿನಲ್ಲಿ ಸೆಂಟರ್, ಅಂದರೆ ರಿಂಗ್ ಬಳಿ ಆಡುವ ಎತ್ತರದ ಆಟಗಾರ. ಆದರೆ ಸ್ಪರ್ಸ್‌ನಲ್ಲಿ ಆ ಜಾಗದಲ್ಲಿ ಆಗಲೇ ಡೇವಿಡ್ ರಾಬಿನ್‌ಸನ್ ಇದ್ದರು, 7 ಅಡಿ 1 ಇಂಚು! ಹಾಗಾಗಿ ಡಂಕನ್ ಸೆಂಟರ್‌ನ ಜೊತೆಗಾರ, ಅಂದರೆ ಪವರ್ ಫಾರ್ವರ್ಡ್ ಆದರು. 1999ರಲ್ಲಿ, ಮತ್ತೆ 2003ರಲ್ಲಿ ಈ ಜೋಡಿ ಪ್ರಶಸ್ತಿ ಗೆದ್ದಿತು.

ಹಾಗಾದರೆ ಒಳ್ಳೆ ಸೆಂಟರ್ ಯಾರೇ ಆದರೂ ಇದನ್ನು ಮಾಡಬಹುದಾ? ಅಷ್ಟು ಸುಲಭ ಅಲ್ಲ.

ಸೆಂಟರ್‌ನ ಕೆಲಸ ಹೆಚ್ಚಾಗಿ ರಿಂಗ್ ಹತ್ತಿರ. ಪವರ್ ಫಾರ್ವರ್ಡ್ ದೂರಕ್ಕೂ ಹೋಗಬೇಕು, ಅಲ್ಲೇ ದೇಹ ತಕರಾರು ತೆಗೆಯುತ್ತದೆ. ಮೈಕಟ್ಟು ಅದೇ ಇದ್ದು ಎತ್ತರ ಶೇ. 10 ಹೆಚ್ಚಾದರೆ ತೂಕ ಶೇ. 33ರಷ್ಟು ಏರುತ್ತದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ. ಅದು ಏರುವುದು ಶೇ. 21 ಮಾತ್ರ. ಓಡುವುದಕ್ಕಿಂತ ಕಷ್ಟ, ಓಡುತ್ತಿದ್ದವನು ಗಕ್ಕನೆ ನಿಂತು ಪಕ್ಕಕ್ಕೆ ತಿರುಗುವುದು. ಆ ಭಾರವನ್ನೆಲ್ಲ ಮಂಡಿ, ಪಾದದ ಕೀಲುಗಳೇ ತಡೆಯಬೇಕು.

ತ್ರೀ ಪಾಯಿಂಟ್ ಗೆರೆಯ ಆಚೆಯಿಂದ ಬಾಲ್ ಹಾಕಿದರೆ 3 ಅಂಕ, ಒಳಗಿನಿಂದಾದರೆ 2. ಅಂಕಣದ ಮೂಲೆಯಲ್ಲಿ ಈ ಗೆರೆ ರಿಂಗ್‌ನಿಂದ 6.7 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದ ಪಾಸ್ ಅಷ್ಟು ದೂರವನ್ನು ಮುಕ್ಕಾಲು ಸೆಕೆಂಡಿಗೂ ಮೊದಲೇ ದಾಟುತ್ತದೆ. ನಿಂತಲ್ಲಿಂದ ಓಡಿ ಅದರ ಜೊತೆ ತಲುಪುವುದು ಯಾರಿಗೂ ಆಗದ ಮಾತು. ಆದ್ದರಿಂದ ಹೊರಗೆ ಎದುರಾಳಿಯನ್ನು ತಡೆಯುವವನು ಪಾಸ್ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಊಹಿಸಬೇಕು. ಉದ್ದ ಕೈ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ: ಸ್ವಲ್ಪ ಹಿಂದಿದ್ದರೂ ಶಾಟ್‌ಗೆ ಅಡ್ಡ ಬರಬಹುದು.

ದೂರದಿಂದ ಶಾಟ್ ಹೊಡೆಯುವುದು ಎತ್ತರದವರಿಗೆ ಆಗಲ್ಲ ಅನ್ನುವ ನಂಬಿಕೆ ಮಾತ್ರ ಸುಳ್ಳು. ಬಾಲ್ ಎತ್ತರದಿಂದ ಬಿಟ್ಟಷ್ಟೂ ಬೇಕಾದ ವೇಗ ಕಡಿಮೆ. ಬ್ರೂಕ್ ಲೋಪೆಜ್ ಅನ್ನುವ 7 ಅಡಿಯ ಸೆಂಟರ್ ಮೊದಲ 8 ಸೀಸನ್‌ಗಳಲ್ಲಿ ಹಾಕಿದ್ದು ಬರೀ 3 ತ್ರೀ ಪಾಯಿಂಟರ್. ಒಂಬತ್ತನೆಯ ಸೀಸನ್ ಒಂದರಲ್ಲೇ 134! ಕೈ ಕಲಿಯುತ್ತದೆ, ಕಾಲು ಅಷ್ಟು ಬೇಗ ಕಲಿಯುವುದಿಲ್ಲ ಅಂತ ನನಗನ್ನಿಸುತ್ತದೆ.

ಡಂಕನ್‌ಗೆ ಇಂಥ ಶಾಟ್ ಬೇಕಾಗಿರಲಿಲ್ಲ. ನಾಲ್ಕೈದು ಮೀಟರ್‌ನಿಂದ ರಿಂಗ್ ಹಿಂದಿನ ಬೋರ್ಡಿಗೆ ತಾಗಿಸಿ ಹಾಕುತ್ತಿದ್ದುದೇ ಸಾಕಾಗಿತ್ತು. ಅದಕ್ಕೆ ನಿಯಮದ ಸಹಾಯವೂ ಇತ್ತು. 2001ರವರೆಗೆ ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್ (ಒಬ್ಬ ಆಟಗಾರನ ಬದಲು ಅಂಕಣದ ಒಂದು ಜಾಗವನ್ನು ಕಾಯುವುದು) ಆಡುವಂತಿರಲಿಲ್ಲ. ನೀವು ದೂರ ನಿಂತರೆ ನಿಮ್ಮನ್ನು ಕಾಯುವ ಎದುರಾಳಿಯೂ ನಿಮ್ಮ ಹತ್ತಿರದಲ್ಲೇ ಇರಬೇಕಿತ್ತು, ರಿಂಗ್ ಬಳಿ ಜಾಗ ತಾನಾಗಿ ಸಿಗುತ್ತಿತ್ತು. ಈಗ ಹಾಗಲ್ಲ. ನಿಮಗೆ ಶಾಟ್ ಬರಲ್ಲ ಅಂತ ಗೊತ್ತಾದರೆ ನಿಮ್ಮನ್ನು ಬಿಟ್ಟು ಒಳಗೆ ಹೋಗಿ ನಿಮ್ಮ ತಂಡದ ಸೆಂಟರ್‌ಗೆ ಅಡ್ಡ ನಿಲ್ಲುತ್ತಾರೆ. ಲೆಕ್ಕವೂ ಸರಳ: 100 ಎಸೆತದಲ್ಲಿ 35 ತ್ರೀ ಪಾಯಿಂಟರ್ ಬಿದ್ದರೆ 105 ಅಂಕ. ಹತ್ತಿರದಿಂದ 50 ಬಿದ್ದರೂ 100.

ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನ ಇವಾನ್ ಮೋಬ್ಲಿ ಇದನ್ನು ಅನುಭವಿಸಿದರು. ಅವರೂ ಕಾಲೇಜಿನ ಸೆಂಟರೇ. ಜ್ಯಾರೆಟ್ ಆ್ಯಲನ್ ಸೆಂಟರ್ ಆಗಿದ್ದರಿಂದ ಇವರು ಪವರ್ ಫಾರ್ವರ್ಡ್. 2022–23ರಲ್ಲಿ ಮೋಬ್ಲಿಯ ತ್ರೀ ಪಾಯಿಂಟರ್ ಎಸೆತಗಳಲ್ಲಿ ಬಿದ್ದದ್ದು ಶೇ. 22ರ ಆಸುಪಾಸು. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಕ್ಯಾವಲಿಯರ್ಸ್ ತಂಡವನ್ನು 4–1ರಿಂದ ಮನೆಗೆ ಕಳಿಸಿತು. 2024–25ಕ್ಕೆ ಮೋಬ್ಲಿಯ ಆ ಲೆಕ್ಕ ಶೇ. 37ರ ಹತ್ತಿರ ಬಂತು. ಜೋಡಿ ಅದೇ, ತಂಡ ಗೆದ್ದ ಪಂದ್ಯ 64. ಮೋಬ್ಲಿಗೆ ಆ ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯೂ ಬಂತು. ಶಾಟ್ ಒಂದೇ ಕಾರಣ ಅನ್ನಲಾಗದು, ಕೋಚ್ ಕೂಡ ಬದಲಾಗಿದ್ದರು. ಆದರೆ ಅದಿಲ್ಲದೆ ಇಬ್ಬರನ್ನೂ ಜಾಸ್ತಿ ಹೊತ್ತು ಒಟ್ಟಿಗೆ ಆಡಿಸುವುದು ಕಷ್ಟವಾಗುತ್ತಿತ್ತು.

ಅಂದಹಾಗೆ, ಈ ಜೋಡಿ ಇಡೀ ಪಂದ್ಯ ಒಟ್ಟಿಗೆ ಇರುವುದೂ ಇಲ್ಲ. ಆ್ಯಲನ್ ಬೆಂಚಿಗೆ ಹೋದಾಗ ಮೋಬ್ಲಿಯೇ ಸೆಂಟರ್. 2003ರಲ್ಲಿ ರಾಬಿನ್‌ಸನ್ ನಿವೃತ್ತರಾದ ಮೇಲೆ ಡಂಕನ್ ಕೂಡ ಎಷ್ಟೋ ಹೊತ್ತು ಸೆಂಟರ್ ಕೆಲಸವನ್ನೇ ಮಾಡಿದರು, ಹೆಸರಿಗೆ ಪವರ್ ಫಾರ್ವರ್ಡ್ ಅಷ್ಟೇ.