ಗಿಡ ಹಸಿರಾಗಿದೆ, ಕಾಯಿ ಇಲ್ಲ: ಉಪಗ್ರಹಕ್ಕೆ ಈ ಬರ ಕಾಣುತ್ತಾ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಮಳೆ ಕೈಕೊಟ್ಟು ಕಡಲೆಕಾಯಿ ಹೋಯಿತು. ಆದರೆ ಉಪಗ್ರಹದ ನಕ್ಷೆಯಲ್ಲಿ ನಮ್ಮ ಕಡೆ ಹಸಿರು ಕಾಣುತ್ತಿದೆ ಅಂತಾರೆ. ಅಷ್ಟು ಮೇಲಿಂದ ಬರ ಅಳೆಯೋದು ಹೇಗೆ? ಅದನ್ನು ನಂಬಬಹುದಾ?

ಉತ್ತರ: ಉಪಗ್ರಹ ಸುಳ್ಳು ಹೇಳುತ್ತಿಲ್ಲ, ನೀವೂ ಹೇಳುತ್ತಿಲ್ಲ. ಅದು ನೋಡುವುದು ಎಲೆಯನ್ನು. ನಿಮ್ಮ ಫಸಲು ಇರುವುದು ಮಣ್ಣಿನೊಳಗೆ.

ಚೆನ್ನಾಗಿರುವ ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಗಿಡ ಸೊರಗಿದರೆ ಎರಡರ ನಡುವಿನ ಅಂತರ ಇಳಿಯುತ್ತದೆ. ಆ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಅಂಕಿಯೇ ಎನ್‌ಡಿವಿಐ. ಬರಡು ನೆಲಕ್ಕೆ ಅದು ಸೊನ್ನೆಯ ಹತ್ತಿರ ಇರುತ್ತದೆ, ದಟ್ಟ ಬೆಳೆಗೆ 0.6 ದಾಟುತ್ತದೆ. ಎಲೆಯಲ್ಲಿ ನೀರೆಷ್ಟಿದೆ ಅಂತ ನೋಡಲು ಎನ್‌ಡಿಡಬ್ಲ್ಯುಐ ಅಂತ ಬೇರೆಯದೇ ಅಂಕಿ ಇದೆ.

ಅಂಕಿ ಒಂದನ್ನೇ ಹಿಡಿದುಕೊಂಡರೆ ಏನೂ ಗೊತ್ತಾಗುವುದಿಲ್ಲ. ತಿಪಟೂರಿನ ತೆಂಗಿನ ತೋಟದ ಪಕ್ಕ ಇಟ್ಟು ನೋಡಿದರೆ ಪಾವಗಡದ ಕೆಂಪು ಹೊಲದಲ್ಲಿ ಪ್ರತಿ ವರ್ಷವೂ ಬರವೇ ಅಲ್ವಾ? ಅದಕ್ಕೇ ಒಂದು ಜಾಗವನ್ನು ಅದೇ ಜಾಗದ ಹಿಂದಿನ ವರ್ಷಗಳ ಅದೇ ಹೊತ್ತಿನ ಜೊತೆ ಹೋಲಿಸುತ್ತಾರೆ.

ಎಷ್ಟು ಹತ್ತಿರದಿಂದ ಕಾಣುತ್ತದೆ ಅನ್ನುವುದು ಯಾವ ಉಪಗ್ರಹ ಅನ್ನುವುದರ ಮೇಲೆ ನಿಂತಿದೆ. ಯುರೋಪಿನ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಡಿಮೆ ಒಂದು ಗುಂಟೆ. ಎರಡು ಎಕರೆ ಹೊಲ ಅಂದರೆ ಸುಮಾರು 80 ಚುಕ್ಕಿ, ಸಾಕಷ್ಟಾಯಿತು. ಆದರೆ ದೊಡ್ಡ ಪ್ರದೇಶದ ಬರ ನೋಡಲು ಬಹಳ ಕಾಲದಿಂದ ಬಳಸುವ, ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಅನ್ನುವ ಉಪಕರಣದ ಚಿತ್ರದಲ್ಲಿ ಒಂದು ಚುಕ್ಕಿಯೇ 15 ಎಕರೆ. ಅದರಲ್ಲಿ ನಿಮ್ಮ ಕಡಲೆಕಾಯಿ, ಪಕ್ಕದವರ ಬೋರ್‌ವೆಲ್ ಅಡಿಕೆ, ಬದುವಿನ ಜಾಲಿ, ನೀಲಗಿರಿ ತೋಪು ಎಲ್ಲ ಸೇರಿ ಒಂದೇ ಬಣ್ಣ ಆಗಿಬಿಡುತ್ತದೆ. ಆಳಕ್ಕೆ ಬೇರು ಬಿಡುವ ನೀಲಗಿರಿಗೆ ಒಂದು ಮಳೆ ತಪ್ಪಿದರೆ ಅಷ್ಟೇನೂ ಲೆಕ್ಕವಿಲ್ಲ.

ಇನ್ನು ಮುಂಗಾರಿನ ಮೋಡ. ಮೋಡ ಕವಿದರೆ ಈ ಕ್ಯಾಮೆರಾಗಳಿಗೆ ನೆಲವೇ ಕಾಣುವುದಿಲ್ಲ. ಹಾಗಾಗಿ ಹಲವು ದಿನಗಳ ಚಿತ್ರಗಳಲ್ಲಿ ಮೋಡವಿಲ್ಲದ ಭಾಗಗಳನ್ನು ಜೋಡಿಸಿ ಒಂದು ನಕ್ಷೆ ಮಾಡುತ್ತಾರೆ. ರೇಡಾರ್ ಇರುವ ಸೆಂಟಿನೆಲ್-1 ಮೋಡದ ಮೂಲಕವೂ ನೋಡುತ್ತದೆ, ಆದರೆ ಅದು ಹಸಿರನ್ನು ಅಳೆಯುವುದಿಲ್ಲ.

ಈಗ ನಿಮ್ಮ ಕಡಲೆಕಾಯಿಗೆ ಬರೋಣ. ಹೂ ಬಿಟ್ಟ ಮೇಲೆ ಅದರ ಬುಡದಿಂದ ಮೊನಚಾದ ಕುಡಿಯೊಂದು ಕೆಳಕ್ಕೆ ಇಳಿದು, ಮಣ್ಣು ಹೊಕ್ಕು, ಅಲ್ಲಿ ಕಾಯಿ ಕಟ್ಟಬೇಕು. ಆ ಹೊತ್ತಿಗೆ ಮಳೆ ನಿಂತು ನೆಲ ಗಟ್ಟಿಯಾದರೆ ಕುಡಿ ಒಳಗೆ ಹೋಗುವುದೇ ಇಲ್ಲ. ಹೋದದ್ದೂ ಜೊಳ್ಳಾಗುತ್ತದೆ. ಆಮೇಲೆ ಎರಡು ಹದ ಮಳೆ ಬಿದ್ದರೆ ಗಿಡ ಚಿಗುರುತ್ತದೆ, ಕಳೆಯೂ ಏಳುತ್ತದೆ, ನಕ್ಷೆ ಹಸಿರಾಗುತ್ತದೆ. ಗಿಡ ಕಿತ್ತು ನೋಡಿದರೆ ಎರಡೋ ಮೂರೋ ಕಾಯಿ. 2023ರಲ್ಲಿ 'ಹಸಿರು ಬರ' ಅನ್ನುವ ಮಾತು ರಾಜ್ಯದ ತುಂಬ ಕೇಳಿಬಂದದ್ದು ಇಂಥ ಹೊಲಗಳಿಂದಲೇ. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೊದಲು 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತು. ಕೊನೆಗೆ 236ರಲ್ಲಿ 223 ತಾಲ್ಲೂಕು ಪಟ್ಟಿಗೆ ಸೇರಿದವು.

ಹಾಗಂತ ಬರ ಘೋಷಣೆ ಉಪಗ್ರಹ ಒಂದರ ಮೇಲೇ ನಿಂತಿಲ್ಲ. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಮೊದಲ ಲೆಕ್ಕ ಮಳೆಯದು. ಅದಕ್ಕೆ ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದ ಸೂಚ್ಯಂಕ, ಮಣ್ಣಿನ ತೇವಾಂಶ, ಕೆರೆ ಮತ್ತು ಅಂತರ್ಜಲ. ಕೊನೆಗೆ ಸುಮಾರು ಶೇ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲನೆ. ಒಂದೂರಿಗೆ ಮಳೆ, ಪಕ್ಕದೂರಿಗೆ ಧೂಳು ಅನ್ನುವ ನಮ್ಮ ಸೀಮೆಗೆ ಈ ಶೇ 10 ಸಾಲದು ಅಂತಲೇ ನನಗನ್ನಿಸುತ್ತದೆ. ಆದರೆ ಜೊಳ್ಳು ಕಾಯಿ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ತಂಡ ನಿಮ್ಮೂರಿಗೆ ಬಂದರೆ ಬದುವಿನಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋಗಲು ಬಿಡಬೇಡಿ. ನಾಲ್ಕು ಗಿಡ ಕಿತ್ತು ಬೇರು ತೋರಿಸಿ, ಅದರದ್ದೇ ಫೋಟೋ ತೆಗೆಸಿ.

ನಿಮ್ಮ ಹೊಲವನ್ನು ನೀವೇ ನೋಡಬೇಕು ಅಂದರೆ ಕೋಪರ್ನಿಕಸ್ ಬ್ರೌಸರ್ ಅನ್ನುವ ತಾಣದಲ್ಲಿ ಸೆಂಟಿನೆಲ್ ಚಿತ್ರಗಳು ಪುಕ್ಕಟೆಯಾಗಿ ಸಿಗುತ್ತವೆ. ಹೋಲಿಸುವಾಗ ಒಂದೇ ವರ್ಷ ಹಿಡಿಯಬೇಡಿ. 2022ರಲ್ಲಿ ತುಮಕೂರಿನಲ್ಲಿ ವಿಪರೀತ ಮಳೆ. ಅದರ ಮುಂದೆ ಯಾವ ವರ್ಷವಾದರೂ ಬರಗಾಲದಂತೆಯೇ ಕಾಣುತ್ತದೆ.