ಡೈ ವೆರೈಟಿ ಅಂದ್ರೆ ‘ಎರರ್’ ಅಲ್ಲ

ಹಳೆ ನಾಣ್ಯ ಮಾರುವ ಕಡೆಯೆಲ್ಲ ಈಗ ‘ರೇರ್ ಎರರ್’ ಅನ್ನೋ ಹಣೆಪಟ್ಟಿಯದ್ದೇ ಹಾವಳಿ. ಮೊನ್ನೆ ಕಂಡಿದ್ದು ಟಿಪ್ಪು ಕಾಲದ ಆನೆ ಪೈಸೆ. ‘ಇಸವಿ ಉಲ್ಟಾ ಬಿದ್ದಿದೆ’ ಅಂತ ಬರೆದು ಬೆಲೆ ಏರಿಸಿದ್ದರು. ಅದು ತಪ್ಪೇ ಅಲ್ಲ. ಟಿಪ್ಪು ಹಿಜರಿ ವರ್ಷದ ಲೆಕ್ಕ ಬಿಟ್ಟು ಮೌಲೂದಿ ಅನ್ನೋ ತನ್ನದೇ ವರ್ಷದ ಲೆಕ್ಕ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಅರಸನೇ ಮಾಡಿದ ನಿಯಮ ಅದು, ಅಚ್ಚು ಕೆತ್ತಿದವನ ಕೈತಪ್ಪಲ್ಲ. ಅದೇ ಪೈಸೆಯಲ್ಲಿ ಆನೆಯ ಸೊಂಡಿಲು ಅಂಚಿನಾಚೆ ಹೋಗಿದ್ದರೆ ಅದೂ ಎರರ್ ಅಂತಾರೆ. ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೆದ ನಾಣ್ಯ, ಲೋಹದ ಬಿಲ್ಲೆ ಅಚ್ಚಿಗಿಂತ ಚಿಕ್ಕದಿರೋದೂ ಉಂಟು. ಚಿತ್ರ ಪೂರ್ತಿ, ನಡುಮಧ್ಯೆ ಕೂತಿದ್ದರೇ ಹೆಚ್ಚು ಖುಷಿಪಡಬೇಕು.

ಹಾಗಾದ್ರೆ ಡೈ ವೆರೈಟಿ ಯಾವುದು? ಡೈ ಅಂದ್ರೆ ನಾಣ್ಯ ಹೊಡೆಯುವ ಅಚ್ಚು. ಗುರುತು ಅಚ್ಚಿನಲ್ಲೇ ಇರಬೇಕು. ಆ ಅಚ್ಚಿನಿಂದ ಬಂದ ನಾಣ್ಯಗಳಲ್ಲೆಲ್ಲ ಅದು ಅದೇ ಜಾಗದಲ್ಲಿ ಕಾಣಬೇಕು. ಎರರ್ ಅನ್ನೋದು ಹೊಡೆಯುವ ಹೊತ್ತಿನಲ್ಲಿ ಒಂದು ನಾಣ್ಯಕ್ಕೆ ಆದ ಎಡವಟ್ಟು: ಬಿಲ್ಲೆ ಪಕ್ಕಕ್ಕೆ ಸರಿದಿರಬಹುದು, ಎರಡು ಸಲ ಏಟು ಬಿದ್ದಿರಬಹುದು. ಟಂಕಸಾಲೆಯಿಂದ ಹೊರಬಂದ ಮೇಲೆ ಬಿದ್ದ ಗೀರು, ತಗ್ಗು, ಸುತ್ತಿಗೆ ಗುರುತು ಇವೆರಡೂ ಅಲ್ಲ. ಅದು ಸುಮ್ನೆ ಪೆಟ್ಟು.

ಇಷ್ಟನ್ನು ಬಿಡಿಸೋಕೆ ಒಂದು ಭೂತಗನ್ನಡಿ ಸಾಕು. ಗೆರೆ ಉಬ್ಬಿದೆಯೋ, ಒಳಗೆ ಇಳಿದಿದೆಯೋ ನೋಡಿ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವವರಿಗೆ ಇದು ಹೇಳಬೇಕಾಗಿಲ್ಲ: ಮರದ ಅಚ್ಚು ಸೀಳಿದ್ದರೆ ಸಕ್ಕರೆಯ ಮೇಲೆ ಉಬ್ಬುಗೆರೆ ಬರುತ್ತದೆ. ನಾಣ್ಯದಲ್ಲೂ ಅಷ್ಟೇ. ನನ್ನ ಹತ್ತಿರ 1835ರ ಕಂಪನಿ ಕಾಲದ ಕಾಲಾಣೆ ಒಂದಿದೆ. ಅದರ ಅಂಚಿನಿಂದ ಕೂದಲೆಳೆಯಂಥ ಗೆರೆ ಹೊರಟು, ಎರಡು ಅಕ್ಷರಗಳ ತಲೆ ಮೇಲೆ ಹಾದು, ಎಲೆಗಳ ಹಾರದೊಳಗೆ ಕರಗುತ್ತದೆ. ಉಗುರಿಗೆ ಎಡವುತ್ತದೆ. ಇದು ಅಚ್ಚಿನ ಬಿರುಕು. ಬಿರುಕು ಬೆಳೆಯುತ್ತಾ ಹೋಗುತ್ತದೆ, ಕೊನೆಗೆ ಅಚ್ಚಿನ ಅಂಚಿನ ಚೂರೇ ಹಾರಿಹೋದರೆ ನಾಣ್ಯದಲ್ಲಿ ಆ ಜಾಗ ಗಂಟಿನ ಹಾಗೆ ಉಬ್ಬುತ್ತದೆ. ಒಂದೇ ಅಚ್ಚಿನ ಬೇರೆ ಬೇರೆ ವಯಸ್ಸು ಇವು. ಇವನ್ನು ಬೇರೆ ಬೇರೆ ವೆರೈಟಿ ಅಂತ ಎಣಿಸಬಾರದು. ನಡುವೆ ಬಿಲ್ಲೆ ಇಲ್ಲದೆ ಮೇಲಿನ ಅಚ್ಚು ಕೆಳಗಿನದಕ್ಕೆ ಬಡಿದಾಗ ಒಂದರ ಚಿತ್ರದ ನೆರಳು ಇನ್ನೊಂದರಲ್ಲಿ ಉಳಿಯುತ್ತದೆ. ರಾಜನ ಮುಖದ ಸುತ್ತ ಅರ್ಥವಿಲ್ಲದ ವಕ್ರಗೆರೆ ಕಂಡರೆ ನಾಣ್ಯ ತಿರುಗಿಸಿ, ಹಿಂದಿನ ಹಾರದ ಬಾಗು ಹೊಂದುತ್ತಾ ನೋಡಿ.

ಅತಿ ಹೆಚ್ಚು ಮೋಸ ಆಗೋದು ‘ಡಬಲ್ಡ್ ಡೈ’ ಹೆಸರಲ್ಲಿ. ಅಚ್ಚು ತಯಾರಾಗುವ ಬಗೆ ಗೊತ್ತಿದ್ದರೆ ಇದು ಬಗೆಹರಿಯುತ್ತದೆ. ಉಬ್ಬುಚಿತ್ರವಿರುವ ಉಕ್ಕಿನ ಹಬ್ ಅನ್ನು ಅಚ್ಚಿನ ಉಕ್ಕಿಗೆ ಒತ್ತುತ್ತಾರೆ. ಹಳೆ ಪದ್ಧತಿಯಲ್ಲಿ ಒಂದೇ ಸಲಕ್ಕೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಕಾಯಿಸಿ, ಮೆತ್ತಗೆ ಮಾಡಿ, ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಹಬ್ ಸ್ವಲ್ಪ ತಿರುಗಿ ಕೂತರೆ ಅಚ್ಚಿನಲ್ಲೇ ಎರಡು ಚಿತ್ರ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಹೆಸರಾದದ್ದು. ಇಸವಿ, ಅಕ್ಷರ ಎಲ್ಲ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. ಎರಡೂ ಅಕ್ಷರ ದುಂಡಗೆ, ತುಂಬಿಕೊಂಡು ಇರುತ್ತವೆ, ತುದಿಗಳಲ್ಲಿ ಸ್ಪಷ್ಟ ಸೀಳು ಇರುತ್ತದೆ.

ಮಾರಾಟಕ್ಕೆ ಬರೋದರಲ್ಲಿ ಬಹುಪಾಲು ಇದಲ್ಲ, ಮೆಷಿನ್ ಡಬ್ಲಿಂಗ್. ಅಚ್ಚು ಯಂತ್ರದಲ್ಲಿ ಸಡಿಲವಾಗಿ, ಏಟು ಬಿದ್ದ ಕ್ಷಣ ಜರುಗಿ, ಆಗಷ್ಟೇ ಮೂಡಿದ ಅಕ್ಷರದ ಪಕ್ಕವನ್ನು ಚಪ್ಪಟೆ ಮಾಡುತ್ತದೆ. ಅಕ್ಷರದ ಬದಿಗೆ ಮೆಟ್ಟಿಲಿನಂಥ ತೆಳು ಪಟ್ಟಿ ಕಾಣುತ್ತದೆ. ಅಕ್ಷರ ದಪ್ಪ ಆಗಿರಲ್ಲ, ಬದಲಿಗೆ ಸವೆದು ಸಣ್ಣಗಾಗಿರುತ್ತದೆ. ಇದು ಅಚ್ಚಿನಲ್ಲಿ ಇಲ್ಲ, ಹಾಗಾಗಿ ವೆರೈಟಿ ಅಲ್ಲ. ಇದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಬೇಕಂತಲೇ ಹಾಕಿದ ಗುರುತುಗಳ ಕಥೆ ಇನ್ನೂ ಬೇಸರದ್ದು. ಇಸವಿ ಕೆಳಗಿನ ಚುಕ್ಕಿ ನೋಯ್ಡಾ ಟಂಕಸಾಲೆಯದ್ದು, ವಜ್ರದ ಆಕಾರ ಮುಂಬೈಯದ್ದು, ನಕ್ಷತ್ರ ಹೈದರಾಬಾದಿನದ್ದು. ಗುರುತೇ ಇಲ್ಲದ್ದು ಕೋಲ್ಕತ್ತದ್ದು. ‘ಚುಕ್ಕಿ ಬಿಟ್ಟುಹೋದ ನಾಣ್ಯ’ ಅಂತ ಕೋಲ್ಕತ್ತದ ರೂಪಾಯಿಯನ್ನು ಮಾರೋದು ನಿಲ್ಲಬೇಕು. 1985ರ ರೂಪಾಯಿಯಲ್ಲಿ ‘ಎಚ್’ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ಗುರುತು. 1862ರ ವಿಕ್ಟೋರಿಯಾ ರೂಪಾಯಿಯ ಚುಕ್ಕಿಗಳೂ ಹಾಗೇ. 1874ರವರೆಗೂ ಹೊಸ ಇಸವಿ ಹಾಕದೆ 1862 ಅಂತಲೇ ಹೊಡೆಯುತ್ತಿದ್ದರು, ಯಾವ ವರ್ಷದ್ದು ಅಂತ ತಿಳಿಯೋಕೆ ಬಾಂಬೆಯವರು ಚುಕ್ಕಿ ಇಟ್ಟರು. ಇವು ಸಂಗ್ರಹಿಸಲು ಬಲು ಸೊಗಸಾದ ವೆರೈಟಿಗಳು, ಆದರೆ ತಪ್ಪುಗಳಲ್ಲ. 1911ರ ‘ಹಂದಿ ರೂಪಾಯಿ’ಯಲ್ಲೂ ಅಚ್ಚು ಕೆಟ್ಟಿರಲಿಲ್ಲ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಂಡಿದ್ದು ವಿನ್ಯಾಸದ ದೋಷ. 1912ರಲ್ಲಿ ಆನೆಯನ್ನು ತಿದ್ದಿದರು.

ನಾಣ್ಯದಲ್ಲಿ ವಿಚಿತ್ರ ಗುರುತು ಕಂಡರೆ ಅದೇ ಗುರುತು ಅದೇ ಜಾಗದಲ್ಲಿರುವ ಇನ್ನೊಂದು ನಾಣ್ಯ ಹುಡುಕಿ. ಸಿಕ್ಕರೆ ಎರಡರ ಫೋಟೋವನ್ನೂ ಓರೆ ಬೆಳಕಿನಲ್ಲಿ ತೆಗೆದು, ಪಕ್ಕಪಕ್ಕ ಇಟ್ಟು, ‘ಡೈ ವೆರೈಟಿ’ ಅಂತ ಬರೆಯಿರಿ.