ಯೀಸ್ಟ್ ಕೋಶದೊಳಗೆ ಎಟಿಪಿ ಎಷ್ಟಿದೆ?

ಯೀಸ್ಟ್ ಕೋಶಗಳನ್ನು ಒಡೆದು ಒಳಗಿನ ಎಟಿಪಿ ಅಳೆಯಲು ಹೊರಟರೆ, ತೊಂದರೆ ಒಡೆಯುವಾಗಲೇ ಶುರುವಾಗುತ್ತದೆ. ಎಟಿಪಿ ಅಂದರೆ ಕೋಶದ ಹೆಚ್ಚಿನ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು. ಕೋಶ ಅದನ್ನು ಕೂಡಿಡುವುದಿಲ್ಲ. ಈಗ ಮಾಡಿಕೊಂಡಿದ್ದು ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗುತ್ತದೆ, ಮತ್ತೆ ಹೊಸದು ತಯಾರಾಗುತ್ತದೆ. ಒಡೆಯುವಾಗ ತಯಾರಿ ನಿಂತು ಖರ್ಚು ಮಾತ್ರ ಮುಂದುವರಿದರೆ ಲೆಕ್ಕವೇ ಕೆಟ್ಟಿತು. ಅದಕ್ಕೇ ಹಳೆಯ ವಿಧಾನದಲ್ಲಿ ಕೋಶಗಳನ್ನು ತಟ್ಟನೆ ಕೊರೆಯುವಷ್ಟು ತಣ್ಣಗಿನ ಮೆಥನಾಲ್‌ಗೋ ಆಮ್ಲಕ್ಕೋ ಹಾಕಿ ಎಲ್ಲವನ್ನೂ ನಿಲ್ಲಿಸುತ್ತಾರೆ. ಆಮೇಲೆ ಮಿಣುಕುಹುಳದ ಲೂಸಿಫರೇಸ್ ಕಿಣ್ವ ಮತ್ತು ಅದರ ಜೊತೆ ಸೇರಿ ಬೆಳಕು ಕೊಡುವ ಲೂಸಿಫೆರಿನ್ ಬೆರೆಸುತ್ತಾರೆ. ಎಟಿಪಿ ಜಾಸ್ತಿ ಇದ್ದರೆ ಬೆಳಕೂ ಜಾಸ್ತಿ.

ಒಳ್ಳೆಯ ವಿಧಾನವೇ. ಆದರೆ ಸಿಗುವುದು ಲಕ್ಷಾಂತರ ಕೋಶಗಳ ಸರಾಸರಿ, ಅದೂ ಒಂದು ಕ್ಷಣದ್ದು. ಅರ್ಧ ಕೋಶಗಳಲ್ಲಿ ಎಟಿಪಿ ಏರುತ್ತಾ ಇನ್ನರ್ಧದಲ್ಲಿ ಇಳಿಯುತ್ತಿದ್ದರೆ, ಸರಾಸರಿ ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಒಂದೇ ಕೋಶದ ಬೆನ್ನು ಹತ್ತಬೇಕಾದರೆ ಅದು ಬದುಕಿರಬೇಕು, ಅಲ್ವಾ? ಹಾಗಾಗಿ ಅಳೆಯುವ ಸಾಧನವೇ ಒಳಗೆ ಹೋಗಬೇಕು. ಯೀಸ್ಟ್ ಕೋಶದ ಅಗಲ ಸುಮಾರು 5 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗ. ಅಲ್ಲಿಗೆ ಪ್ರೋಟೀನ್ ಗಾತ್ರದ್ದೇ ಏನಾದರೂ ಬೇಕು.

ಅಂಥದ್ದೊಂದನ್ನು 2009ರಲ್ಲಿ ಜಪಾನಿನ ಹಿರೋಮಿ ಇಮಾಮುರಾ, ಹಿರೋಯುಕಿ ನೋಜಿ ಮತ್ತು ಸಂಗಡಿಗರು ಕಟ್ಟಿದರು. ಎಟಿಪಿ ತಯಾರಿಸುವ ಬ್ಯಾಕ್ಟೀರಿಯಾದ ಯಂತ್ರದಲ್ಲಿ ಎಪ್ಸಿಲಾನ್ ಎಂಬ ಸಣ್ಣ ಭಾಗವಿದೆ. ಅದು ಎಟಿಪಿಯನ್ನು ಹಿಡಿಯುತ್ತದೆ, ಆದರೆ ಒಡೆಯುವುದಿಲ್ಲ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದೇ: ಲೂಸಿಫರೇಸ್ ತಾನು ಅಳೆಯುವುದನ್ನೇ ಖರ್ಚು ಮಾಡಿಬಿಡುತ್ತದೆ, ಇದು ಸುಮ್ನೆ ಹಿಡಿದು, ಮತ್ತೆ ಹಾಗೇ ಬಿಟ್ಟುಕೊಡುತ್ತದೆ. ಈ ಭಾಗದ ಒಂದು ತುದಿಗೆ ನೀಲಿ-ಹಸಿರಾಗಿ ಹೊಳೆಯುವ ಪ್ರೋಟೀನ್, ಇನ್ನೊಂದು ತುದಿಗೆ ಹಳದಿ. ಎಟಿಪಿ ಬಂದು ಕೂತರೆ ನಡುವಿನ ಭಾಗ ಮಡಚಿಕೊಳ್ಳುತ್ತದೆ, ತುದಿಗಳು ಹತ್ತಿರವಾಗುತ್ತವೆ. ಆಗ ನೀಲಿಯ ಶಕ್ತಿ ಹಳದಿಗೆ ದಾಟುತ್ತದೆ. ಹೀಗೆ ದಾಟುವುದು ಸುಮಾರು 10 ನ್ಯಾನೋಮೀಟರ್ ಒಳಗೆ ಮಾತ್ರ.

ನೋಡಬೇಕಾದದ್ದು ಹೊಳಪನ್ನಲ್ಲ, ಎರಡು ಬಣ್ಣಗಳ ಅನುಪಾತವನ್ನು. ಒಂದು ಕೋಶದಲ್ಲಿ ಈ ಸೆನ್ಸರ್, ಅಂದರೆ ಅಳೆಯುವ ಪ್ರೋಟೀನ್, ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇರಬಹುದು. ಹೊಳಪನ್ನೇ ನಂಬಿದರೆ ಮೋಸ ಹೋಗುತ್ತೇವೆ. ಇನ್ನೊಂದು ಎಚ್ಚರವೂ ಬೇಕು. ಹಸಿದ ಯೀಸ್ಟ್‌ನ ಒಳಗೆ ಆಮ್ಲೀಯತೆ ಏರುತ್ತದೆ, ಅದಕ್ಕೂ ಬಣ್ಣ ಮಂಕಾಗಬಹುದು. ಹಾಗಾಗಿ ಎಟಿಪಿ ಹಿಡಿಯಲಾಗದಂತೆ ಬದಲಾಯಿಸಿದ ಸೆನ್ಸರನ್ನೂ ಪಕ್ಕದಲ್ಲಿ ಪರೀಕ್ಷಿಸುತ್ತಾರೆ. ಅದರಲ್ಲೂ ಬಣ್ಣ ಬದಲಾದರೆ ಕಾರಣ ಎಟಿಪಿ ಅಲ್ಲ.

ಪ್ರೋಟೀನ್ ಒಂದೇ ದಾರಿಯಲ್ಲ. 2010ರಲ್ಲಿ ಡೆನ್ಮಾರ್ಕ್‌ನ ತಂಡವೊಂದು ಎಟಿಪಿಯನ್ನು ಗುರುತಿಸುವ ಡಿಎನ್‌ಎ ಎಳೆಯನ್ನು ನ್ಯಾನೋ ಕಣಗಳಲ್ಲಿಟ್ಟು ಯೀಸ್ಟ್ ಒಳಕ್ಕೆ ಸೇರಿಸಿತು. ಹಸಿದ ಯೀಸ್ಟ್‌ಗೆ ಗ್ಲೂಕೋಸ್ ಕೊಟ್ಟು ಉಸಿರಾಟ ತಡೆದರೆ, ಸಕ್ಕರೆ ಒಡೆಯುವ ಕೆಲಸ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಅಲೆಗಳಾಗಿ ನಡೆಯಬಲ್ಲದು. 1950ರ ದಶಕದಿಂದಲೇ ಗೊತ್ತಿದ್ದ ಸಂಗತಿ ಇದು. ಎಟಿಪಿಯೂ ಅದೇ ಲಯದಲ್ಲಿ ಏರಿಳಿಯುವುದನ್ನು ಆ ಕಣಗಳು ಬದುಕಿರುವ ಕೋಶಗಳಲ್ಲೇ ತೋರಿಸಿದವು. ಸಕ್ಕರೆ ಒಡೆಯಲು ಮೊದಲು ಎರಡು ಎಟಿಪಿ ಹಾಕಬೇಕು, ಕೊನೆಗೆ ನಾಲ್ಕು ಸಿಗುತ್ತವೆ. ಎಟಿಪಿ ಜಾಸ್ತಿಯಾದರೆ ದಾರಿಯ ಮುಖ್ಯ ಕಿಣ್ವವೊಂದು ನಿಧಾನವಾಗುತ್ತದೆ, ಕಮ್ಮಿಯಾದರೆ ಚುರುಕಾಗುತ್ತದೆ.

ಆದರೆ ಮಾಮೂಲಿ ದಿನಗಳಲ್ಲಿ ಆರೋಗ್ಯವಾದ ಯೀಸ್ಟ್ ತನ್ನ ಎಟಿಪಿಯನ್ನು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಈ ಸ್ಥಿರತೆ ಯಾಕೆ ಬೇಕು? 2022ರಲ್ಲಿ ಜಪಾನಿನ ಸಂಶೋಧಕರು ಎಟಿಪಿ ಕಾಯುವ ಜೀನ್‌ಗಳು ಕೆಟ್ಟ ಯೀಸ್ಟ್‌ನ ಕೋಶಗಳನ್ನು ಒಂದೊಂದಾಗಿ ಸೆನ್ಸರ್‌ನಿಂದ ನೋಡಿದರು. ಅಲ್ಲೊಂದು ಇಲ್ಲೊಂದು ಕೋಶದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, ಎಟಿಪಿ ದಿಢೀರನೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಸರಾಸರಿ ಲೆಕ್ಕದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ. ಹಾಗೆ ಕುಸಿಯುವುದರಿಂದ ಕೋಶದ ಪ್ರೋಟೀನ್‌ಗಳು ಗಂಟುಕಟ್ಟುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಆಲ್ಫಾ-ಸಿನ್ಯೂಕ್ಲೀನ್ ಪ್ರೋಟೀನನ್ನು ಆ ಯೀಸ್ಟ್‌ಗೆ ಹಾಕಿದಾಗ ಅದೂ ಗಂಟಾಯಿತು. ಎಟಿಪಿ ಮಟ್ಟವನ್ನು ಏರಿಸಿದಾಗ ಆ ಗಂಟುಗಳು ಸೇರಿಕೊಳ್ಳುವುದು ತಪ್ಪಿತು.